ಎಲ್ಲ ಆನ್‌ಲೈನ್ ಆಯ್ತು, ಕಚೇರಿ ಅಲೆದಾಟ ಯಾಕೆ ತಪ್ಪಲಿಲ್ಲ?

ಪ್ರಶ್ನೆ: ಸರ್, ನಾನು ಬೀದರ್ ಜಿಲ್ಲೆ ಔರಾದ ತಾಲೂಕಿನವನು. ಕಲಬುರಗಿಯಲ್ಲಿ ಸಾರ್ವಜನಿಕ ಆಡಳಿತ ವಿಷಯದಲ್ಲಿ ಎಂ.ಎ. ಓದುತ್ತಿದ್ದೇನೆ. ನಮ್ಮವ್ವನ ವಿಧವಾ ಪಗಾರಕ್ಕೆ ಅರ್ಜಿ ಕೊಡಲು ನಾಲ್ಕು ಸಲ ನಾಡಕಚೇರಿಗೆ ಹೋಗಿ ಬಂದೆವು. ಆಧಾರ್‌ನಲ್ಲಿ ಶಾಂತಾಬಾಯಿ, ರೇಷನ್ ಕಾರ್ಡಿನಲ್ಲಿ ಶಾಂತಮ್ಮ ಅಂತ ಇದೆ, ಸರಿ ಮಾಡಿಸಿಕೊಂಡು ಬನ್ನಿ ಎಂದು ವಾಪಸ್ ಕಳಿಸುತ್ತಾರೆ. ಎಲ್ಲ ಆನ್‌ಲೈನ್ ಆದ ಮೇಲೂ ಹೀಗೇಕೆ? ಮುಂದೆ ಇದರ ಮೇಲೆಯೇ ಸಂಶೋಧನೆ ಮಾಡಬಹುದಾ?

ಉತ್ತರ: ಮೊದಲು ಅವ್ವನ ಪಗಾರದ ಮಾತು. ನಿಮ್ಮ ಪತ್ರದಲ್ಲಿ ಸ್ವೀಕೃತಿ ಚೀಟಿಯ ಸುದ್ದಿಯೇ ಇಲ್ಲ. ನಾಲ್ಕು ಸಲ ಹೋದಿರಿ, ಆದರೆ ಅರ್ಜಿ ಒಂದು ಸಲವೂ ಒಳಗೆ ಹೋಗಿಲ್ಲ, ಅಲ್ವಾ? ಗಂಟು ಇರುವುದೇ ಅಲ್ಲಿ. ಸರ್ಕಾರಿ ಸೇವೆಯನ್ನು ಗೊತ್ತುಮಾಡಿದ ದಿನಗಳೊಳಗೆ ಕೊಡಲೇಬೇಕು ಎನ್ನುವುದು ನಮ್ಮ ರಾಜ್ಯದ ಸಕಾಲ ಕಾಯ್ದೆ. ಅರ್ಜಿಗೆ ಸಕಾಲ ಸಂಖ್ಯೆ ಬಿದ್ದ ಮೇಲಷ್ಟೇ ಆ ದಿನಗಳ ಲೆಕ್ಕ ಶುರುವಾಗುತ್ತದೆ. ಬಾಯಿಮಾತಿನಲ್ಲಿ ವಾಪಸ್ ಕಳಿಸಿದರೆ ಕಂಪ್ಯೂಟರಿನ ಪ್ರಕಾರ ನಿಮ್ಮವ್ವ ಕಚೇರಿಗೆ ಬಂದೇ ಇಲ್ಲ. ತಡವೂ ಆಗಿಲ್ಲ, ತಿರಸ್ಕಾರವೂ ಆಗಿಲ್ಲ.

ಈ ಸಲ ಹೋದಾಗ ಅರ್ಜಿ ತಗೊಂಡು ನಂಬರ್ ಕೊಡಿ ಎಂದು ಕೇಳಿ. ತಿರಸ್ಕರಿಸುವುದಾದರೆ ಕಾರಣವನ್ನು ಅವರು ಬರೆದು ತಿಳಿಸಬೇಕು. ಅದರ ಮೇಲೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕೂ ಇದೆ. ಹೆಸರು ತಿದ್ದಿಸುವುದರಲ್ಲಿ ಮಾತ್ರ ಅವಸರ ಬೇಡ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಬ್ಯಾಂಕ್ ಪಾಸ್‌ಬುಕ್ಕಿನಲ್ಲೂ ಶಾಂತಾಬಾಯಿ ಅಂತಲೇ ಇದ್ದರೆ ಆಧಾರ್ ಮುಟ್ಟಬೇಡಿ, ರೇಷನ್ ಕಾರ್ಡನ್ನೇ ತಿದ್ದಿಸಿ.

ಇನ್ನು ನಿಮ್ಮ ಓದು. ಸಕಾಲ ಮೊದಲು ಶುರುವಾದ ಜಾಗಗಳಲ್ಲಿ ನಿಮ್ಮ ತಾಲೂಕೂ ಒಂದು, ಗೊತ್ತಾ? 2012ರ ಮಾರ್ಚ್ 1ರಂದು ಪ್ರಯೋಗಕ್ಕೆಂದು ನಾಲ್ಕು ತಾಲೂಕು ಆರಿಸಿಕೊಂಡರು: ಔರಾದ, ಧಾರವಾಡ, ಚಿತ್ರದುರ್ಗ, ಪುತ್ತೂರು. ಮುಂದಿನ ತಿಂಗಳು 2ನೇ ತಾರೀಖಿಗೆ ಅದು ಇಡೀ ರಾಜ್ಯಕ್ಕೆ ಬಂತು. ಅಂಥ ಔರಾದದಲ್ಲೇ ಇಂದು ನಿಮ್ಮವ್ವನ ಕೈಗೆ ನಂಬರ್ ಸಿಗುತ್ತಿಲ್ಲ ಎಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸುಧಾರಣೆಯ ವರದಿಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. 1966ರ ಮೊದಲ ಆಡಳಿತ ಸುಧಾರಣಾ ಆಯೋಗಕ್ಕೆ ಮೊರಾರ್ಜಿ ದೇಸಾಯಿ ನಂತರ ನಮ್ಮ ಕೆಂಗಲ್ ಹನುಮಂತಯ್ಯನವರೇ ಅಧ್ಯಕ್ಷರಾದರು. 2005ರ ಎರಡನೇ ಆಯೋಗಕ್ಕೆ ವೀರಪ್ಪ ಮೊಯ್ಲಿ. ಆದರೆ ಸಂಶೋಧಕರ ಕಣ್ಣು ಈಗ ವರದಿಗಿಂತ ಜಾಸ್ತಿ ಕೌಂಟರಿನ ಮೇಲಿದೆ. ಅಮೆರಿಕದ ಮೈಕೆಲ್ ಲಿಪ್ಸ್ಕಿ 1980ರಲ್ಲೇ ಇದನ್ನು ಹೇಳಿದ್ದರು. ಜನರಿಗೆ ಎದುರಾಗಿ ಕೂತ ಕೆಳಹಂತದ ನೌಕರ ದಿನವೂ ಏನು ತೀರ್ಮಾನ ಮಾಡುತ್ತಾನೋ, ಜನರ ಪಾಲಿಗೆ ಅದೇ ಸರ್ಕಾರದ ನೀತಿ. ಇತ್ತೀಚೆಗೆ ಪಮೇಲಾ ಹರ್ಡ್ ಮತ್ತು ಡೊನಾಲ್ಡ್ ಮೊಯ್ನಿಹಾನ್ ಆ ಕೌಂಟರಿನ ಈಚೆ ಕಡೆ ನಿಂತವರ ಹೊರೆಯನ್ನು ಮೂರು ಬಗೆಯಾಗಿ ಬಿಡಿಸಿದ್ದಾರೆ. ಏನು ಬೇಕು ಎಂದು ತಿಳಿದುಕೊಳ್ಳುವ ಹೊರೆ, ಕಾಗದ ಹೊಂದಿಸಿ ಓಡಾಡುವ ಹೊರೆ, ಮನಸ್ಸಿನ ಮೇಲೆ ಬೀಳುವ ಹೊರೆ.

ಮೂರನೆಯದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೊಗರಿ ರಾಶಿಯ ದಿನಗಳಲ್ಲಿ ನಮ್ಮ ಭಾಗದ ಒಂದು ನಾಡಕಚೇರಿಯಲ್ಲಿ ಅರ್ಧ ದಿನ ಕೂತಿದ್ದೆ. ಒಬ್ಬ ಅಜ್ಜಿ ಕೂಲಿ ಬಿಟ್ಟು ಬಂದಿದ್ದರು. ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಇಟ್ಟು, ಚೀಲದ ಬಾಯಿಯನ್ನು ದಾರದಿಂದ ಕಟ್ಟಿದ್ದರು. ಅವರ ಹೆಸರಿನದ್ದೂ ಇದೇ ‘ಬಾಯಿ’, ‘ಅಮ್ಮ’ ಕಥೆ. ಗಡಿ ಊರುಗಳಲ್ಲಿ ತವರಿನವರು ಬಾಯಿ ಅಂತಾರೆ, ಗಂಡನ ಮನೆಯವರು ಅಮ್ಮ ಅಂತಾರೆ. ಬರೆದುಕೊಂಡವರು ಕಿವಿಗೆ ಬಿದ್ದಂತೆ ಬರೆದರು. ಆದರೂ ಆ ಅಜ್ಜಿ ಕೈ ಮುಗಿದು “ತಪ್ಪಾತ್ರಿ ಸಾಹೇಬ್ರ” ಅಂದರು. ತಮ್ಮದಲ್ಲದ ತಪ್ಪಿಗೆ!

ಕೌಂಟರಿನ ಆಚೆ ಮೂರು ಕುರ್ಚಿ, ಕೂತವನು ಒಬ್ಬನೇ. ಕೆಟ್ಟ ಹುಡುಗ ಅಲ್ಲ ಅವನು. ಹೊಂದದ ಕಾಗದ ತೆಗೆದುಕೊಂಡರೆ ನಾಳೆ ನನ್ನನ್ನೇ ಹಿಡೀತಾರೆ ಅಂದ. ವಾಪಸ್ ಕಳಿಸಿದರೆ ಯಾರೂ ಕೇಳುವುದಿಲ್ಲ. ಸಂಶೋಧನೆಗೆ ಹಿಡಿಯಬೇಕಾದ ಎಳೆ ಇದು.

ಯಾರಾದರೂ ಕೇಳಿದರೆ ಏನಾಗುತ್ತದೆ? ಪಕ್ಕದ ತೆಲಂಗಾಣದಲ್ಲಿ 2018ರಲ್ಲಿ ಇದನ್ನು ಪರೀಕ್ಷಿಸಿದರು. ಬೇಸಾಯದ ಖರ್ಚಿಗೆಂದು ಸರ್ಕಾರ ಕೊಡುವ ರೈತಬಂಧು ಚೆಕ್ಕನ್ನು ರೈತರಿಗೆ ಹಂಚುವಾಗ, ಚೀಟಿ ಎತ್ತಿದಂತೆ ಆರಿಸಿದ ಮಂಡಲಗಳ (ನಮ್ಮ ತಾಲೂಕಿನಂಥವು) ಅಧಿಕಾರಿಗಳಿಗೆ ‘ಚೆಕ್ ತಲುಪಿತಾ ಎಂದು ರೈತರಿಗೇ ಫೋನ್ ಮಾಡಿ ಕೇಳುತ್ತೇವೆ’ ಎಂದು ಮೊದಲೇ ತಿಳಿಸಿದರು. ಅಲ್ಲಿ ಹಂಚಿಕೆ ಸುಧಾರಿಸಿತು, ಖರ್ಚೂ ತೀರ ಕಡಿಮೆ. ವಾಪಸ್ ಹೋದವರಿಗೂ ಹೀಗೆ ಫೋನ್ ಮಾಡಿದರೆ ನಮ್ಮ ನಾಡಕಚೇರಿಗಳಲ್ಲಿ ಏನಾದೀತು? ಇದೇ ನಿಮ್ಮ ಪ್ರಶ್ನೆಯಾಗಬಹುದು.

ಖಾಲಿ ಕುರ್ಚಿಗಳದ್ದು ಬೇರೆಯದೇ ವಿಷಯ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದಲ್ಲಿ ಸಿ ದರ್ಜೆಯ ಹುದ್ದೆಗಳಲ್ಲಿ 80%, ಡಿ ದರ್ಜೆಯಲ್ಲಿ 85% ಸ್ಥಳೀಯರಿಗೇ ಮೀಸಲು. ನಮ್ಮ ಮಾತು ತಿಳಿದವರು ಕೂತಲ್ಲಿ ವಾಪಸಾತಿ ಕಡಿಮೆ ಆಗುತ್ತದಾ? ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಯಲ್ಲಿ ನೋಡಬೇಕಾದ ಸಂಗತಿ. ಆದರೆ ಫೋನಿನ ಪ್ರಶ್ನೆ, ಈ ಪ್ರಶ್ನೆ ಎರಡನ್ನೂ ಒಟ್ಟಿಗೆ ಹೊತ್ತುಕೊಳ್ಳಬೇಡಿ.

ತಹಸೀಲ್ದಾರರ ಅನುಮತಿ ಪಡೆದು ಒಂದು ನೋಟ್‌ಬುಕ್ ಹಿಡಿದು ನಾಲ್ಕು ವಾರ ಕೂತು ಶುರು ಮಾಡಿ. ಬಂದವರು ಎಷ್ಟನೇ ಸಲ ಬಂದಿದ್ದಾರೆ, ಬಸ್ಸಿಗೆಷ್ಟು ಕೊಟ್ಟರು, ಕೂಲಿ ಎಷ್ಟು ಹೋಯಿತು, ಕೈಯಲ್ಲಿ ನಂಬರ್ ಇದೆಯಾ ಇಲ್ಲವಾ, ಇಷ್ಟು ಬರೆದುಕೊಳ್ಳಿ. ಹೆಸರು ಬರೆಯಬೇಡಿ. ಮೊದಲ ಪುಟದಲ್ಲಿ ನಿಮ್ಮ ಮನೆಯ ನಾಲ್ಕು ಸಲದ ಲೆಕ್ಕ ಇರಲಿ.