ನಿಂಬೆಹಣ್ಣಿಗೆ ಉರಿಯದ ಬಲ್ಬು

(ಹೆಸರು, ಊರು, ಮನೆಯವರ ಕೆಲಸ ಎಲ್ಲ ಬದಲಿಸಿದ್ದೇನೆ. ಇದನ್ನು ಬರೆಯಲು ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ.)

ನಾನು ಮಕ್ಕಳ ಆಪ್ತಸಲಹೆಗಾರ್ತಿ. ಸೆಪ್ಟೆಂಬರ್ ತಿಂಗಳ ಒಂದು ಶನಿವಾರ ತಾಯಿ, ಮಗಳು ನನ್ನ ಕಚೇರಿಗೆ ಬಂದರು. ತಾಯಿ ಬಂದವರೇ ಇನ್ನೂ ಕೂರುವ ಮೊದಲೇ ಶುರು ಮಾಡಿದರು. "ಮೇಡಂ, ಇವಳು ರಾತ್ರಿ ಹನ್ನೊಂದರ ತನಕ ಫೋನ್ ಹಿಡ್ಕೊಂಡೇ ಇರ್ತಾಳೆ. ಕೇಳಿದ್ರೆ ಸೈನ್ಸ್ ನೋಡ್ತಿದ್ದೀನಿ ಅಂತಾಳೆ. ಟೆಸ್ಟಲ್ಲಿ ನೋಡಿದ್ರೆ ಇಪ್ಪತ್ತಕ್ಕೆ ಆರು."

ಹುಡುಗಿ ಹತ್ತನೇ ತರಗತಿ. ಸಿಂಚನಾ ಅಂತಿಟ್ಟುಕೊಳ್ಳೋಣ. ಏಳನೇ ತನಕ ಕನ್ನಡ ಮಾಧ್ಯಮ, ಎಂಟರಿಂದ ಇಂಗ್ಲಿಷ್ ಮಾಧ್ಯಮ. ಅಪ್ಪ ಗೂಡ್ಸ್ ಆಟೊ ಓಡಿಸುತ್ತಾರೆ, ಅಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಮನೆಗೆ ಒಂದೇ ದೊಡ್ಡ ಫೋನು. ಹಗಲು ಅದು ಹೆಚ್ಚಾಗಿ ಅಪ್ಪನ ಜೊತೆ ಆಟೊದಲ್ಲಿ ಇರುತ್ತೆ. ಮಗಳ ಕೈಗೆ ಸಿಗುವುದು ರಾತ್ರಿ ಒಂಬತ್ತರ ಮೇಲೆ.

ನಾನೊಂದು ತಪ್ಪು ಮಾಡಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಫೋನು, ರಾತ್ರಿ, ಕಡಿಮೆ ಮಾರ್ಕ್ಸು, ಈ ಮೂರನ್ನೂ ಕೇಳಿದ ತಕ್ಷಣ ನನ್ನ ತಲೆಯಲ್ಲಿ ಇದು ಫೋನ್ ಚಟದ ಕೇಸು ಅಂತ ಕೂತುಬಿಟ್ಟಿತು. ವಾರಕ್ಕೆ ಮೂರ್ನಾಲ್ಕು ಮಕ್ಕಳು ಅದೇ ಕಾರಣಕ್ಕೆ ಬರುತ್ತಾರೆ. ಹತ್ತು ಗಂಟೆಗೆ ಫೋನ್ ತೆಗೆದಿಡಿ, ಮುಂದಿನ ವಾರ ನೋಡೋಣ ಅಂದು ಕಳಿಸಿದೆ. ಮುಂದಿನ ವಾರ ಬಂದಾಗ ಹುಡುಗಿ ಮುಖ ಕೊಟ್ಟು ಮಾತಾಡಲಿಲ್ಲ.

ಆಗ ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿ, "ಫೋನಲ್ಲಿ ಏನ್ ನೋಡ್ತೀಯಾ, ನಂಗೂ ತೋರ್ಸು" ಅಂದೆ. ಬೈಗುಳಕ್ಕೆ ತಯಾರಾಗಿದ್ದ ಹುಡುಗಿ ಅನುಮಾನದಿಂದಲೇ ಫೋನ್ ತೆರೆದಳು. ಸೇವ್ ಮಾಡಿಟ್ಟ ವಿಡಿಯೊಗಳು ನೂರಕ್ಕೂ ಜಾಸ್ತಿ. ಒಂದೂ ಸಿನಿಮಾ ಹಾಡಲ್ಲ. 'ಒಂದೇ ವಿಡಿಯೊದಲ್ಲಿ ಪೂರ್ತಿ ಎಲೆಕ್ಟ್ರಿಸಿಟಿ' ಅನ್ನುವಂಥವು ಕೆಲವು, ಹಿಂದಿಯಲ್ಲಿ ಕೆಲವು, ಅಮೆರಿಕದ ಉಚ್ಚಾರಣೆಯಲ್ಲಿ ಕೆಲವು, ಮೂವತ್ತು ಸೆಕೆಂಡಿನ 'ಸೈನ್ಸ್ ಟ್ರಿಕ್' ರಾಶಿ ರಾಶಿ. ಅರ್ಧಕ್ಕೆ ನಿಲ್ಲಿಸಿದ್ದೇ ಹೆಚ್ಚು. ಒಂದು ಅರ್ಥವಾಗಲಿಲ್ಲ ಅಂದರೆ ಇನ್ನೊಂದು, ಅದೂ ಆಗದಿದ್ದರೆ ಮತ್ತೊಂದು.

"ಇಷ್ಟೆಲ್ಲಾ ನೋಡಿದ್ರೂ ನಂಗೆ ಬರ್ತಿಲ್ಲ ಮೇಡಂ. ನಂಗೆ ಸೈನ್ಸ್ ತಲೆ ಇಲ್ಲ ಅನ್ಸುತ್ತೆ."

ಯಾವಾಗಿಂದ ಹಾಗನ್ನಿಸಿತು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ನಿಂಬೆಹಣ್ಣಿನ ಕಥೆ ಹೇಳಿದಳು.

ಶಾಲೆಯಲ್ಲಿ ವಿಜ್ಞಾನ ಮಾದರಿ ಮಾಡಿ ತರಲು ಹೇಳಿದ್ದರು. ಇವಳು ಒಂದು ವಿಡಿಯೊ ನೋಡಿದ್ದಳು. ಒಂದು ನಿಂಬೆಹಣ್ಣು, ಅದಕ್ಕೆ ಚುಚ್ಚಿದ ಎರಡು ಮೊಳೆ, ಎರಡು ವೈರು, ಆ ಕಡೆ ಮನೆಯಲ್ಲಿ ಹಾಕುವಂಥ ದೊಡ್ಡ ಎಲ್‌ಇಡಿ ಬಲ್ಬು. ವೈರ್ ತಾಗಿಸಿದ ಕೂಡಲೇ ಬಲ್ಬು ಫಳ್ ಅಂತ ಹೊತ್ತಿಕೊಳ್ಳುತ್ತೆ. ಮನೆಯಲ್ಲಿ ಹಾಗೇ ಮಾಡಿದಳು. ಹೊತ್ತಲಿಲ್ಲ. ನಿಂಬೆಹಣ್ಣು ಬದಲಿಸಿದಳು, ಮೊಳೆ ಬದಲಿಸಿದಳು. ಅಮ್ಮ ಉಪ್ಪಿನಕಾಯಿಗೆ ಅಂತ ತಂದಿಟ್ಟಿದ್ದ ಹಣ್ಣಲ್ಲಿ ಎಂಟು ಖರ್ಚಾದವು. ಆದರೂ ಕಡೇಘಳಿಗೆಯಲ್ಲಿ ಆಗಬಹುದು ಅಂದುಕೊಂಡು ಶಾಲೆಗೆ ತೆಗೆದುಕೊಂಡು ಹೋದಳು. ತರಗತಿಯ ಮುಂದೆ ನಿಂತು ವೈರ್ ತಾಗಿಸಿದಳು. ಏನೂ ಆಗಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ "ಜ್ಯೂಸ್ ಮಾಡ್ಕೊಡೇ" ಅಂದರು.

ನಾನು ಓದಿದ್ದು ಮನಶ್ಶಾಸ್ತ್ರ. ಕರೆಂಟಿನ ವಿಷಯ ನನಗೂ ಅಷ್ಟಕ್ಕಷ್ಟೆ. ಆದರೆ ನಮ್ಮ ಕಚೇರಿಯಲ್ಲಿ ಪದೇ ಪದೇ ಕರೆಂಟ್ ಹೋಗುತ್ತೆ ಅಂತ ಒಂದು ಇನ್ವರ್ಟರ್ ಬಲ್ಬು ಹಾಕಿಸಿದ್ದೇವೆ. ಹಾಕಿದ ದಿನ ಎಲೆಕ್ಟ್ರಿಷಿಯನ್ ಹುಡುಗ ಮಾಡಿ ತೋರಿಸಿದ್ದು ನೆನಪಾಯಿತು. ಸ್ವಿಚ್ ಆರಿಸಿ, ಸ್ಟೂಲ್ ಹತ್ತಿ, ಬಲ್ಬು ಬಿಚ್ಚಿ ತಂದು ಅವಳ ಕೈಗೆ ಕೊಟ್ಟೆ. "ಬುಡದಲ್ಲಿ ಎರಡು ಚುಕ್ಕೆ ಇದೆಯಲ್ಲ, ಅದನ್ನ ಅಂಗೈಗೆ ಒತ್ತು."

ಒತ್ತಿದಳು. ಬಲ್ಬು ಹೊತ್ತಿಕೊಂಡಿತು. ಕೈ ತೆಗೆದಳು, ಆರಿತು. ಮತ್ತೆ ಒತ್ತಿದಳು. ನಾಲ್ಕೈದು ಸಲ ಹಾಗೇ ಮಾಡಿ ನನ್ನ ಮುಖ ನೋಡಿದಳು.

"ಹಾಗಾದ್ರೆ ನನ್ನ ಕೈಯಲ್ಲೂ ಕರೆಂಟಿದ್ಯಾ?"

"ಬಲ್ಬಿನೊಳಗೇ ಬ್ಯಾಟರಿ ಇದೆ ಕಣೇ."

ಇಂಥ ಬಲ್ಬಿನ ಎರಡು ತುದಿಗಳ ನಡುವೆ ಒಂದು ದಾರಿ ಸಿಕ್ಕರೆ ಸಾಕು, ಕರೆಂಟ್ ಹೋಗಿದೆ ಅಂತ ತಿಳಿದು ಒಳಗಿನ ಬ್ಯಾಟರಿಯಿಂದ ಉರಿಯುತ್ತೆ. ಆ ದಾರಿ ಒದ್ದೆ ಕೈ ಆದರೂ ಸರಿ, ಒಂದು ಲೋಟ ನೀರಾದರೂ ಸರಿ, ನಿಂಬೆಹಣ್ಣಾದರೂ ಸರಿ. ವಿಡಿಯೊದಲ್ಲಿದ್ದದ್ದು ಇಂಥದೇ ಬಲ್ಬು, ಮಾಡಿದವನು ಅದನ್ನು ಹೇಳಿರಲಿಲ್ಲ, ಅಷ್ಟೆ. ಸಿಂಚನಾ ಅದೇ ವಿಡಿಯೊ ತೆರೆದು ಮತ್ತೆ ನೋಡಿದಳು. ಕೆಳಗೆ 'ನನಗೆ ಆಗಲಿಲ್ಲ' ಅಂತ ಬರೆದವರು ಎಷ್ಟೋ ಜನ. ಅದನ್ನು ಅವಳು ಮೊದಲು ಓದೇ ಇರಲಿಲ್ಲ. ತನ್ನ ಒಬ್ಬಳಿಗೇ ಆಗಲಿಲ್ಲ ಅಂದುಕೊಂಡು ಒಂದು ತಿಂಗಳು ಕೊರಗಿದ್ದಳು.

ಆವತ್ತು ಇನ್ನೇನೂ ಸಲಹೆ ಕೊಡಲಿಲ್ಲ. ಒಂದೇ ಒಂದು ಕೆಲಸ ಹೇಳಿದೆ. ನಿಂಬೆಹಣ್ಣಿನಿಂದ ನಿಜಕ್ಕೂ ಎಷ್ಟಾಗುತ್ತೆ ಅಂತ ಪತ್ತೆ ಮಾಡಿಕೊಂಡು ಬಾ, ನಾನೂ ಮಾಡುತ್ತೇನೆ ಅಂದೆ.

ನಾನು ಮಾಡಿದ್ದು ಅಡುಗೆಮನೆಯ ಕಟ್ಟೆಯ ಮೇಲೆ. ಹಾರ್ಡ್‌ವೇರ್ ಅಂಗಡಿಯಿಂದ ಸತು ಲೇಪಿಸಿದ ಮೊಳೆ ತಂದೆ. ತಾಮ್ರದ ವೈರಿನ ಮೇಲಿನ ಪ್ಲಾಸ್ಟಿಕ್ ಕೆರೆದೆ. ಪಕ್ಕದ ಮನೆಯವರಿಂದ ವೋಲ್ಟ್ ಅಳೆಯುವ ಮಲ್ಟಿಮೀಟರ್ ಕೇಳಿ ತಂದೆ. ಒಂದು ಹಣ್ಣಿಗೆ ಹೆಚ್ಚೂಕಡಿಮೆ 0.9 ವೋಲ್ಟ್ ತೋರಿಸಿತು. ಚಿಕ್ಕ ಕೆಂಪು ಎಲ್‌ಇಡಿ ಹೊತ್ತಲು ಸುಮಾರು 1.8 ವೋಲ್ಟ್ ಬೇಕು. ಎರಡು ಹಣ್ಣಿಗೆ ಹೊತ್ತಲಿಲ್ಲ. ನಾಲ್ಕನ್ನು ಸಾಲಾಗಿ ಜೋಡಿಸಿ ಲೈಟ್ ಆರಿಸಿದಾಗ ಸಾಸಿವೆ ಕಾಳಿನಷ್ಟು ಕೆಂಪು ಕಾಣಿಸಿತು. ಗೋಡೆಗೆ ಹಾಕುವ ಬಲ್ಬಿಗೆ ಬೇಕಾದ್ದು 230 ವೋಲ್ಟ್. ಟಾರ್ಚಿನ ಹಳೇ ಬಲ್ಬು ಕೂಡ ನಿಂಬೆಹಣ್ಣಿಗೆ ಹೊತ್ತುವುದಿಲ್ಲ. ವೋಲ್ಟ್ ಸಾಕಾದರೂ ಅದಕ್ಕೆ ಬೇಕಾದಷ್ಟು ಕರೆಂಟ್ ಹಣ್ಣಿನಿಂದ ಹರಿಯಲ್ಲ. ಇನ್ನೊಂದು ವಿಷಯ ನನಗೂ ಆಗಲೇ ತಿಳಿದದ್ದು. ಶಕ್ತಿ ಬರುವುದು ನಿಂಬೆಹಣ್ಣಿನಿಂದಲೇ ಅಲ್ಲ. ಹುಳಿಯಲ್ಲಿ ಸತು ಕರಗುತ್ತೆ, ಅದರಿಂದ ಬರುತ್ತೆ. ಆಲೂಗಡ್ಡೆ ಇಟ್ಟರೂ ನಡೆಯುತ್ತೆ, ಮಜ್ಜಿಗೆ ಇಟ್ಟರೂ ನಡೆಯುತ್ತೆ.

ಮೂರನೇ ಭೇಟಿಗೆ ಅಪ್ಪ ಅಮ್ಮ ಇಬ್ಬರೂ ಬಂದರು. ಕೈಯಲ್ಲಿ ಒಂದು ಬಣ್ಣದ ಫೈಲು. ಆನ್‌ಲೈನ್ ಕೋಚಿಂಗ್‌ನವರೊಬ್ಬರು ಮನೆಗೇ ಬಂದು, ಮಗಳಿಗೆ ಹತ್ತು ಪ್ರಶ್ನೆ ಕೇಳಿ, "ಬೇಸಿಕ್ಸ್ ತುಂಬಾ ವೀಕ್" ಅಂದಿದ್ದರಂತೆ. ಟ್ಯಾಬ್ ಸಮೇತ ಎರಡು ವರ್ಷದ ಕೋರ್ಸು, ತಿಂಗಳು ತಿಂಗಳು ಇಎಂಐ. ಸೋಮವಾರ ಸಹಿ ಹಾಕಬೇಕು. ಮಗುವಿನ ಮುಂದೆಯೇ ಅದಕ್ಕೆ ಬರಲ್ಲ ಅಂದು, ಆ ಹೆದರಿಕೆಯ ಮೇಲೆ ಸಾಲ ಕಟ್ಟಿಸುವ ಈ ವ್ಯಾಪಾರ ಕಂಡರೆ ನನಗೆ ಮೈ ಉರಿಯುತ್ತೆ. ಆದರೆ ಅದನ್ನೇ ಹೇಳಿದರೆ ಅಪ್ಪ ಅಮ್ಮನಿಗೆ ನಾವೇ ಮೋಸ ಹೋದೆವೇನೋ ಅನ್ನಿಸುತ್ತೆ. ಅದಕ್ಕೆ ಎರಡೇ ಮಾತು ಹೇಳಿದೆ. "ಮನೆಗೆ ಬಂದವರ ಮುಂದೆ ಆ ದಿನವೇ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಮತ್ತೆ, ಇವಳಿಗೆ ಕಷ್ಟ ಆಗಿರೋ ಒಂದು ಪಾಠ ಹೇಳಿ, ಅದರ ವಿಡಿಯೊನೇ ತೋರಿಸಿ ಅನ್ನಿ. ಅವರು ಆರಿಸಿದ್ದನ್ನಲ್ಲ." ಅಪ್ಪ ಮಾತಾಡಿದ್ದು ಒಮ್ಮೆ ಮಾತ್ರ. "ದುಡ್ಡು ಕೊಡದೆ ಸಿಗೋದು ಚೆನ್ನಾಗಿರುತ್ತಾ ಮೇಡಂ?"

ಕೇಳಬೇಕಾದ ಪ್ರಶ್ನೆಯೇ. ಸಿಂಚನಾಳನ್ನು ನನ್ನ ಲ್ಯಾಪ್‌ಟಾಪ್ ಮುಂದೆ ಕೂರಿಸಿ ಫೆಟ್ ತೆರೆದೆ. ತೆರೆಯ ಮೇಲೆಯೇ ವಿಜ್ಞಾನದ ಪ್ರಯೋಗ ಮಾಡಿ ನೋಡುವ ಜಾಲತಾಣ (PhET), ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ್ದು. ಭೌತವಿಜ್ಞಾನಕ್ಕೆ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ. ಕೆಲವು ಕನ್ನಡದಲ್ಲೂ ಇವೆ. ಅದರಲ್ಲಿ ಸರ್ಕ್ಯೂಟ್ ಕಟ್ಟುವ ಒಂದು ಆಟವಿದೆ. ವೈರು, ಬಲ್ಬು, ಬ್ಯಾಟರಿಗಳನ್ನು ಬೆರಳಿನಿಂದ ಎಳೆದು ಜೋಡಿಸಬೇಕು. ಅವಳು ಬಲ್ಬನ್ನೇ ಬಿಟ್ಟು ಬ್ಯಾಟರಿಯ ಎರಡೂ ತುದಿಗೆ ಒಂದೇ ವೈರು ಸಿಕ್ಕಿಸಿದಳು. ತೆರೆಯ ಮೇಲೆ ಬ್ಯಾಟರಿಗೆ ಬೆಂಕಿ ಹತ್ತಿತು. ಕಿರುಚಿ, ನಕ್ಕು, ಬೇಕಂತಲೇ ಇನ್ನೊಂದು ಸಲ ಹತ್ತಿಸಿದಳು. ಅಪ್ಪನೂ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಶಾರ್ಟ್ ಆದ್ರೆ ನಮ್ಮ ಆಟೊದಲ್ಲೂ ಹೀಗೇ ಆಗೋದು" ಅಂತ ಮಗಳಿಗೆ ವಿವರಿಸಲು ಶುರು ಮಾಡಿದರು. ನಾನು ಕಾಫಿ ತರಲು ಎದ್ದು ಹೋದೆ.

ಆಮೇಲೆ ಕೊಟ್ಟ ಸಲಹೆ ಒಂದು ಹಾಳೆಯ ಅರ್ಧ ಪುಟದಷ್ಟು. ಬರೆಯಲು ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಗೆಳತಿಯೊಬ್ಬರು ನೆರವಾದರು.

ಮೊದಲನೆಯದು ಪಠ್ಯಪುಸ್ತಕ. ಇದನ್ನು ಹೇಳಿದಾಗ ಹುಡುಗಿ ಮುಖ ಸಿಂಡರಿಸಿದಳು. ಆದರೆ ಇವಳಿಗೆ ಬೇಕಾಗಿದ್ದು ಅದರ ಕನ್ನಡ ಪುಸ್ತಕ. ನಮ್ಮ ರಾಜ್ಯದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯದ್ದೇ, ಕನ್ನಡ ಮಾಧ್ಯಮದ್ದು ಅದರ ಅನುವಾದ. ಅದೇ ಪಾಠ, ಅದೇ ಚಿತ್ರ, ಅದೇ ಲೆಕ್ಕ. ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪಿಡಿಎಫ್ ಉಚಿತವಾಗಿ ಸಿಗುತ್ತೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದು ಅಂದೆ. 'ರೆಸಿಸ್ಟೆನ್ಸ್' ಅಂದರೆ 'ರೋಧ' ಅಂತ ಕಂಡಾಗ "ಓ, ಅಡ್ಡಿ ಮಾಡೋದಾ" ಅಂದಳು. ಅಷ್ಟು ದಿನ ಅದು ಅವಳಿಗೆ ಬರೀ ಒಂದು ಸ್ಪೆಲಿಂಗ್ ಆಗಿತ್ತು. ಎಲ್ಲ ಪದವೂ ಹಾಗೆ ಸಲೀಸಲ್ಲ ಬಿಡಿ. 'ವಿಭವಾಂತರ' (ಅಂದರೆ ವೋಲ್ಟೇಜ್) ಓದಿ ಇಬ್ಬರೂ ಸುಸ್ತಾದೆವು. ಅದಕ್ಕೆ ಅವಳಪ್ಪ ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ಉದಾಹರಣೆ ಕೊಟ್ಟರು. ಟ್ಯಾಂಕು ಎತ್ತರಕ್ಕಿದ್ದಷ್ಟೂ ನಲ್ಲಿಯಲ್ಲಿ ನೀರು ಜೋರು.

ಎರಡನೆಯದು ನೂರು ವಿಡಿಯೊ ಅಳಿಸುವುದು. ಇದಕ್ಕೆ ಎರಡು ದಿನ ಹಿಡಿಯಿತು, ಸ್ವಲ್ಪ ಅತ್ತಳು ಕೂಡ. ಪಾಠಕ್ಕೆ ಖಾನ್ ಅಕಾಡೆಮಿಯ ಕನ್ನಡ ವಿಡಿಯೊ, ಆಡಿ ನೋಡಲು ಫೆಟ್, ಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆಯುವ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾ. ಇಷ್ಟೇ ಉಳಿಸಿಕೊಂಡಳು. ನನಗೆ ಗೊತ್ತಿರುವ ಒಳ್ಳೆಯವು ಇನ್ನೂ ಇದ್ದವು. ಹೇಳಲಿಲ್ಲ. ಮೊದಲೇ ಮುಳುಗುತ್ತಿದ್ದವಳಿಗೆ ಇನ್ನೂ ನಾಲ್ಕು ಕೊಡ ನೀರು ಸುರಿಯುವುದು ಬೇಡ ಅನ್ನಿಸಿತು. ಮುಂದೆ ಪ್ರಯೋಗದ ಅಭ್ಯಾಸಕ್ಕೆ ಬೇಕಾದಾಗ ಓಲ್ಯಾಬ್ಸ್ ಎಂಬ ಆನ್ಲೈನ್ ಪ್ರಯೋಗಾಲಯ ಇದೆ. ಓದುವ ಆಸೆ ಬಂದಾಗ ಇಜ್ಞಾನ ಎಂಬ ಕನ್ನಡ ಜಾಲತಾಣ ಇದೆ, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆ ಇದೆ.

ಮೂರನೆಯದು, ಹೊಸದೊಂದು ವಿಡಿಯೊ ಸಿಕ್ಕಾಗ ಅದನ್ನು ನಂಬಬೇಕೋ ಬೇಡವೋ ಅಂತ ನೋಡುವ ಬಗೆ. ಗೆಳತಿ ಹೇಳಿದ್ದು ನನಗೆ ತುಂಬಾ ಹಿಡಿಸಿತು. ನಿನಗೆ ಚೆನ್ನಾಗಿ ಗೊತ್ತಿರುವ ಪಾಠದ್ದೇ ಮೊದಲು ನೋಡು ಅಂದರು. ಗೊತ್ತಿರುವುದರಲ್ಲೇ ತಪ್ಪು ಹೇಳಿದರೆ ಗೊತ್ತಿಲ್ಲದ್ದನ್ನು ಅವರಿಂದ ಕಲಿಯುವುದು ಹೇಗೆ? ಎಷ್ಟು ವೋಲ್ಟ್, ಎಷ್ಟು ಗ್ರಾಂ ಅಂತ ಅಳತೆ ಹೇಳುತ್ತಾರಾ, ಆಗದೇ ಹೋದದ್ದನ್ನೂ ತೋರಿಸುತ್ತಾರಾ ನೋಡು. ಕಸದಿಂದ ವಿಜ್ಞಾನದ ಆಟಿಕೆ ಮಾಡಿ ತೋರಿಸುವ ಅರವಿಂದ ಗುಪ್ತ ಅವರ ವಿಡಿಯೊ ಒಂದೆರಡು ತೋರಿಸಿದೆ. ಕಡ್ಡಿ, ಸ್ಟ್ರಾ, ಹಳೇ ರಬ್ಬರು, ಎಲ್ಲ ಕಣ್ಣೆದುರಿಗೇ ಕತ್ತರಿಸಿ ಜೋಡಿಸುತ್ತಾರೆ. ಮುಚ್ಚಿಡಲು ಏನೂ ಇಲ್ಲ. ಇನ್ನು ವೈರು ಗೋಡೆಯ ಪ್ಲಗ್ಗಿಗೆ ಹೋಗುವ ಯಾವ ವಿಡಿಯೊ ಬಂದರೂ ಅಲ್ಲೇ ಮುಚ್ಚಬೇಕು. ಅದರಲ್ಲಿ ಚೌಕಾಸಿ ಇಲ್ಲ ಅಂದೆ.

ಅಮ್ಮನಿಗೂ ಒಂದು ಕೆಲಸ ಕೊಟ್ಟೆ. ರಾತ್ರಿ ಊಟದ ಮೇಲೆ ಹತ್ತು ನಿಮಿಷ ಮಗಳು ಆವತ್ತಿನ ಪಾಠ ಕನ್ನಡದಲ್ಲಿ ಹೇಳಬೇಕು, ಇವರು ಕೇಳಬೇಕು. "ನಂಗೇನ್ ಅರ್ಥ ಆಗುತ್ತೆ ಮೇಡಂ, ನಾನು ಎಂಟನೇ ಕ್ಲಾಸು" ಅಂದರು. ಅರ್ಥ ಆಗಲಿಲ್ಲ ಅಂದರೆ ಹಾಗೇ ಹೇಳಿ, ಅವಳು ಮತ್ತೆ ಹೇಳಲಿ ಅಂದೆ. ಅಪ್ಪ ಭಾನುವಾರ ಮಧ್ಯಾಹ್ನ ಎರಡು ಗಂಟೆ ಫೋನ್ ಬಿಟ್ಟು ಹೋಗಲು ಒಪ್ಪಿದರು. ರಾತ್ರಿ ಹನ್ನೊಂದರ ಓದು ತಾನಾಗಿ ನಿಂತಿತು.

ಮಾರ್ಕ್ಸ್ ಒಂದೇ ಸಲಕ್ಕೆ ಏರಲಿಲ್ಲ. ಮುಂದಿನ ಟೆಸ್ಟಿನಲ್ಲಿ ಇಪ್ಪತ್ತಕ್ಕೆ ಹನ್ನೊಂದು. ರಸಾಯನದ ಸಮೀಕರಣ ಇನ್ನೂ ತೊಡಕೇ. ಟ್ಯಾಬಿನ ಫೈಲು ವಾಪಸ್ ಹೋಯಿತು ಅಂತ ಅಪ್ಪ ಫೋನಿನಲ್ಲಿ ಹೇಳಿದರು.

ದಸರಾ ರಜೆ ಮುಗಿದ ಮೇಲೆ ತಾಯಿ ಒಬ್ಬರೇ ಬಂದಿದ್ದರು, ಬೇರೆ ಕೆಲಸಕ್ಕೆ ಈ ಕಡೆ ಬಂದವರು. ಸಿಂಚನಾ ಮತ್ತೆ ತರಗತಿಯ ಮುಂದೆ ನಿಂತಳಂತೆ. ಐದು ನಿಂಬೆಹಣ್ಣು, ಒಂದು ಕೆಂಪು ಎಲ್‌ಇಡಿ. ಕಿಟಕಿ ಮುಚ್ಚಿಸಿ ತೋರಿಸಿದಳಂತೆ. ಆಮೇಲೆ ಯಾರದೋ ಮನೆಯ ಇನ್ವರ್ಟರ್ ಬಲ್ಬು ತರಿಸಿ ಅದರ ಗುಟ್ಟನ್ನೂ ಹೇಳಿದಳಂತೆ.

"ಮನೆಗೆ ತಂದ ಐದು ಹಣ್ಣು ಸುಮ್ನೆ ಯಾಕೆ ಬಿಸಾಕೋದು, ಚಿತ್ರಾನ್ನಕ್ಕೆ ಹಿಂಡ್ತೀನಿ ಕೊಡು ಅಂದೆ ಮೇಡಂ. ಬೈದೇಬಿಟ್ಲು. ಮೊಳೆ ಮೇಲಿದ್ದ ಸತು ಇದ್ರೊಳಗೆ ಕರಗಿದೆ ಕಣಮ್ಮ, ಅದಕ್ಕೇ ಅಲ್ವಾ ಲೈಟು ಬಂದಿದ್ದು, ತಿನ್ನೋಕೆ ಬರಲ್ಲ ಅಂತ ಐದನ್ನೂ ತಗೊಂಡು ಹೋಗಿ ತಿಪ್ಪೆಗೆ ಹಾಕಿದ್ಲು."