ಮರಣದಂಡನೆ ಘೋಷಣೆಯಾಗಿಯೂ ಜಾರಿಯಾಗದಿರುವುದು ಹೇಗೆ?

ಪ್ರಶ್ನೆ: ಚೀನಾದ ಯುನ್ನಾನ್ ಪ್ರಾಂತ್ಯದ ಮುಖ್ಯಸ್ಥರಾಗಿದ್ದ ಬಾಯ್ ಎನ್‌ಪೇ ಅವರಿಗೆ ಲಂಚದ ಅಪರಾಧಕ್ಕಾಗಿ ಮರಣದಂಡನೆಯಾಯಿತು, ಆದರೆ ಅದನ್ನು ಜಾರಿಗೊಳಿಸಲಿಲ್ಲ ಎಂದು ಓದಿದೆ. ಅವರು ಅಷ್ಟು ಎತ್ತರಕ್ಕೆ ಏರಿದ್ದು ಹೇಗೆ? ಅವರನ್ನು ಹಿಡಿದವರು ಪೊಲೀಸರೇ? ಇದೆಂಥ ಮರಣದಂಡನೆ?

ಉತ್ತರ: ಬಾಯ್ ಎನ್‌ಪೇ 1946ರಲ್ಲಿ ಶಾನ್‌ಶಿ ಪ್ರಾಂತ್ಯದಲ್ಲಿ ಹುಟ್ಟಿದವರು. ಕಮ್ಯುನಿಸ್ಟ್ ಪಕ್ಷದ ಚರಿತ್ರೆಯಲ್ಲಿ ಪವಿತ್ರ ನೆಲವೆಂದೇ ಎಣಿಸಲಾಗುವ ಯಾನ್‌ಆನ್‌ನಲ್ಲಿ ಪಕ್ಷದ ಕಾರ್ಯದರ್ಶಿಯಾಗಿದ್ದ ಅವರು, ಆಮೇಲೆ ಒಳ ಮಂಗೋಲಿಯಾಕ್ಕೆ ಹೋಗಿ, 1997ರಲ್ಲಿ ಚಿಂಗ್‌ಹಾಯ್ ಪ್ರಾಂತ್ಯದ ಗವರ್ನರ್ ಆಗಿ, 1999ರಲ್ಲಿ ಅಲ್ಲಿಯ ಪಕ್ಷದ ಕಾರ್ಯದರ್ಶಿಯೂ ಆದರು. 2001ರಿಂದ 2011ರವರೆಗೆ ಯುನ್ನಾನ್‌ನಲ್ಲಿ ಅದೇ ಹುದ್ದೆಯಲ್ಲಿದ್ದರು. ಈ ಯಾವ ಮೆಟ್ಟಿಲನ್ನೂ ಅವರು ಜನರ ಮತದಿಂದ ಏರಲಿಲ್ಲ. ಪ್ರಾಂತ್ಯದ ನಾಯಕರನ್ನು ಆರಿಸುವುದೂ ವರ್ಗಾಯಿಸುವುದೂ ಬೀಜಿಂಗ್‌ನಲ್ಲಿರುವ ಪಕ್ಷದ ಕೇಂದ್ರ ನಾಯಕತ್ವ.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಲೇಬೇಕು. ಚೀನಾದ ಪ್ರಾಂತ್ಯದಲ್ಲಿ ಸರ್ಕಾರವನ್ನು ನಡೆಸುವ ಗವರ್ನರ್ ಇದ್ದರೂ ಅವರಿಗಿಂತ ಪಕ್ಷದ ಕಾರ್ಯದರ್ಶಿಯೇ ದೊಡ್ಡವರು. ಅಧಿಕಾರಿಗಳ ಬಡ್ತಿಯಲ್ಲೂ ದೊಡ್ಡ ಯೋಜನೆಗಳಲ್ಲೂ ಅವರ ಮಾತೇ ನಡೆಯುತ್ತದೆ. ಅವರನ್ನು ಪ್ರಶ್ನಿಸಲು ವಿರೋಧ ಪಕ್ಷವಿಲ್ಲ, ಸ್ವತಂತ್ರ ಪತ್ರಿಕೆಯಿಲ್ಲ, ಸ್ಥಳೀಯ ನ್ಯಾಯಾಲಯವೂ ಪಕ್ಷದ ಅಂಕೆಯಲ್ಲೇ ಇರುತ್ತದೆ. ಆದ್ದರಿಂದ ಈ ಪ್ರಕರಣವನ್ನು ಒಬ್ಬ ಮನುಷ್ಯನ ದುರಾಸೆ ಎಂದಷ್ಟೇ ನೋಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಬಾಯ್ ಅವರ ಕೆಳಗೆ ಗವರ್ನರ್ ಆಗಿದ್ದು ಮುಂದೆ ಅವರ ಸ್ಥಾನಕ್ಕೇ ಬಂದ ಚಿನ್ ಗುವಾಂಗ್‌ರಾಂಗ್ 2019ರಲ್ಲಿ ತಾವಾಗಿಯೇ ತನಿಖಾಧಿಕಾರಿಗಳಿಗೆ ಶರಣಾದರು, ಲಂಚಕ್ಕಾಗಿ ಅವರಿಗೆ 7 ವರ್ಷಗಳ ಸೆರೆವಾಸವಾಯಿತು. ಅದೇ ಪ್ರಾಂತ್ಯದಲ್ಲಿ ಪಕ್ಷದ ಉಪಕಾರ್ಯದರ್ಶಿಯಾಗಿದ್ದ ಚಿಯು ಹೆ ಅವರಿಗೆ ಹದಿನಾಲ್ಕೂವರೆ ವರ್ಷಗಳ ಶಿಕ್ಷೆಯಾಯಿತು.

ತನಿಖೆಯ ಸುದ್ದಿ ಹೊರಬಿದ್ದದ್ದು 2014ರ ಆಗಸ್ಟ್‌ನಲ್ಲಿ. ಆಗ ಬಾಯ್ ಚೀನಾದ ಸಂಸತ್ತಾದ ರಾಷ್ಟ್ರೀಯ ಜನಪ್ರತಿನಿಧಿ ಸಭೆಯ ಪರಿಸರ ಸಮಿತಿಯೊಂದರ ಉಪಾಧ್ಯಕ್ಷರಾಗಿದ್ದರು. ಮೊದಲು ಕೈಹಾಕಿದ್ದು ಪೊಲೀಸರಲ್ಲ, ಪಕ್ಷದ್ದೇ ಆದ ಕೇಂದ್ರ ಶಿಸ್ತು ಪರಿಶೀಲನಾ ಆಯೋಗ. ಇಂಥ ಪ್ರಕರಣಗಳಲ್ಲಿ ವಿಚಾರಣೆ ಮೊದಲು ಪಕ್ಷದೊಳಗೆ ನಡೆದು, ಆರೋಪಿಯನ್ನು ಉಚ್ಚಾಟಿಸಿದ ಮೇಲೆ ಕಡತ ಪ್ರಾಸಿಕ್ಯೂಟರ್‌ಗಳ ಕೈಸೇರುತ್ತದೆ. ಬಾಯ್ ಅವರ ಉಚ್ಚಾಟನೆ 2015ರ ಜನವರಿಯಲ್ಲಿ ಆಯಿತು.

ವಿಚಾರಣೆಗೆ ಯುನ್ನಾನ್‌ನಿಂದ ಬಹು ದೂರದ ಹೆನಾನ್ ಪ್ರಾಂತ್ಯದ ಆನ್‌ಯಾಂಗ್ ನಗರದ ನ್ಯಾಯಾಲಯವನ್ನು ಗೊತ್ತುಮಾಡಲಾಯಿತು. ಆರೋಪಿಯ ಪ್ರಭಾವವಿಲ್ಲದ ಊರಿನಲ್ಲಿ ಹಿರಿಯ ನಾಯಕರ ಮೊಕದ್ದಮೆ ನಡೆಸುವುದು ಅಲ್ಲಿಯ ರೂಢಿ. ತಾವೇ ನೇರವಾಗಿಯೂ ಹೆಂಡತಿಯ ಮೂಲಕವೂ ಒಟ್ಟು 24 ಕೋಟಿ ಯುವಾನ್‌ಗೂ ಮೀರಿದ ಲಂಚ ಪಡೆದಿದ್ದರೆಂದು ನ್ಯಾಯಾಲಯ 2016ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು.

ಇನ್ನು ಶಿಕ್ಷೆಯ ಮಾತು. ಚೀನಾದ ಕಾನೂನಿನಲ್ಲಿ ಮರಣದಂಡನೆಯನ್ನು ಘೋಷಿಸಿ, ಅದರ ಜಾರಿಯನ್ನು ಎರಡು ವರ್ಷ ತಡೆಹಿಡಿಯಲು ಅವಕಾಶವಿದೆ. ಆ ಅವಧಿಯಲ್ಲಿ ಕೈದಿಯು ಉದ್ದೇಶಪೂರ್ವಕವಾಗಿ ಮತ್ತೆ ಅಪರಾಧ ಮಾಡದಿದ್ದರೆ ಶಿಕ್ಷೆ ಜೀವಾವಧಿಗೆ ಇಳಿಯುತ್ತದೆ. ತಪ್ಪೊಪ್ಪಿಕೊಂಡು ಅಕ್ರಮದ ಹಣವನ್ನು ಹಿಂತಿರುಗಿಸಿದವರಿಗೆ ಈ ರಿಯಾಯಿತಿ ಸಿಗುವುದುಂಟು. ಆದರೆ ಹೀಗೆ ಜೀವಾವಧಿಗೆ ಇಳಿದ ಶಿಕ್ಷೆ ಕಾಲಕ್ರಮದಲ್ಲಿ ಇನ್ನೂ ಕಡಿತಗೊಂಡು, ಪ್ರಭಾವವುಳ್ಳವರು ಬೇಗನೆ ಹೊರಬರುತ್ತಿದ್ದರೆಂಬ ಜನರ ಆಕ್ರೋಶ ದೊಡ್ಡದಾಗಿತ್ತು. ಅದಕ್ಕಾಗಿಯೇ 2015ರ ನವೆಂಬರ್‌ನಿಂದ ಜಾರಿಯಾದ ತಿದ್ದುಪಡಿಯು, ಭಾರೀ ಭ್ರಷ್ಟಾಚಾರದ ಪ್ರಕರಣಗಳಲ್ಲಿ ಶಿಕ್ಷೆ ಜೀವಾವಧಿಗೆ ಇಳಿದ ಬಳಿಕ ಮತ್ತೆ ಕಡಿತವಾಗಲಿ ಪೆರೋಲ್ ಆಗಲಿ ಇಲ್ಲವೆಂದು ಆದೇಶಿಸುವ ಅಧಿಕಾರವನ್ನು ನ್ಯಾಯಾಲಯಗಳಿಗೆ ಕೊಟ್ಟಿತು. ಈ ನಿಯಮದಡಿ ಶಿಕ್ಷೆಗೊಳಗಾದ ಮೊದಲ ವ್ಯಕ್ತಿ ಬಾಯ್ ಎನ್‌ಪೇ.