ಮಗ್ಗುಲು ಹೊರಳಿದ ತಪ್ಪು

(ಹೆಸರುಗಳನ್ನೂ ಗುರುತು ಸಿಗುವಂಥ ವಿವರಗಳನ್ನೂ ಬದಲಾಯಿಸಿದ್ದೇನೆ.)

ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಬಂದಿದ್ದ ರೇಖಾಳನ್ನು ಆಪ್ತಸಮಾಲೋಚಕಿಯಾದ ನನ್ನ ಕೋಣೆಗೆ ಕಳಿಸಿದ್ದು ನಮ್ಮ ನರ್ಸ್. "ಹುಡುಗಿ ರಾತ್ರಿ ನಿದ್ದೆಯೇ ಮಾಡ್ತಿಲ್ಲವಂತೆ, ಒಂಚೂರು ಮಾತಾಡಿಸಿ ಮೇಡಂ."

ಚೊಚ್ಚಲ ಬಸುರಿ, 36 ವಾರ ತುಂಬಿತ್ತು. ಸೀಮಂತ ಮುಗಿಸಿಕೊಂಡು ತವರಿಗೆ ಬಂದಿದ್ದಳು. ಜೊತೆಯಲ್ಲಿ ತಾಯಿ, ಗಂಡ ಮಂಜುನಾಥ. ನಿದ್ದೆ ಯಾಕಿಲ್ಲ ಎಂದರೆ, ಮಗ್ಗುಲು ಬದಲಿಸಬೇಕೆನಿಸಿದಾಗಲೆಲ್ಲ ಎದ್ದು ಕೂತು, ಆಮೇಲೆ ಇನ್ನೊಂದು ಕಡೆಗೆ ಮಲಗುತ್ತಿದ್ದಳು. ಮಲಗಿದಲ್ಲೇ ಹೊರಳಿದರೆ ಕರುಳಬಳ್ಳಿ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ ಎನ್ನುವ ಮಾತು ನಮ್ಮ ಕಡೆ ಕೇಳದವರಿಲ್ಲ. ಹಿಂದಿನ ವಾರದ ಸ್ಕ್ಯಾನಿಂಗ್‌ನಲ್ಲಿ ಬಳ್ಳಿ ಒಂದು ಸುತ್ತು ಇದೆ ಎಂದು ಬಂದಿತ್ತು.

"ನಿದ್ದೆಗಣ್ಣಲ್ಲಿ ಯಾವಾಗಲೋ ಹೊರಳಿಬಿಟ್ಟಿದ್ದೀನಿ ಮೇಡಂ" ಅಂತ ಅತ್ತಳು.

ಅವರು ತೋರಿಸುತ್ತಿದ್ದ ನರ್ಸಿಂಗ್ ಹೋಮ್‌ನಲ್ಲಿ ವರದಿ ನೋಡಿದವರೇ, "ಬಳ್ಳಿ ಸುತ್ತಿದೆ, ನಾರ್ಮಲ್‌ಗೆ ಕಾಯೋದು ಬೇಡ, ಸಿಸೇರಿಯನ್‌ಗೆ ದಿನ ನೋಡ್ಕೊಂಡು ಬನ್ನಿ" ಎಂದಿದ್ದರು. ಮಂಜುನಾಥನ ತಂದೆ ಅಷ್ಟರಲ್ಲೇ ಪಂಚಾಂಗ ತೆಗೆಸಿಯಾಗಿತ್ತು. ಹತ್ತು ದಿನಕ್ಕೆ ಗುರುವಾರ, ಪುಷ್ಯ ನಕ್ಷತ್ರ. ವೈದ್ಯರಿಗೂ ಜೋಯಿಸರಿಗೂ ಇಷ್ಟು ಸಲೀಸಾಗಿ ತಾಳೆಯಾದರೆ ನನಗೇನೋ ಕಸಿವಿಸಿ.

ಇಲ್ಲಿ ನಾನೊಂದು ತಪ್ಪು ಮಾಡಿದೆ. "ಹೊರಳಿದರೆ ಬಳ್ಳಿ ಸುತ್ತೋದೆಲ್ಲ ಮೂಢನಂಬಿಕೆ" ಎಂದು ತಾಯಿಯ ಎದುರೇ ಹೇಳಿಬಿಟ್ಟೆ. ಅವರು ಸೆರಗು ಹೊದ್ದು ಮುಖ ಆಚೆ ತಿರುಗಿಸಿದರು. ಸ್ವಲ್ಪ ಹೊತ್ತು ಬಿಟ್ಟು, "ನಿಮಗೆ ಇದನ್ನ ಹೇಳಿಕೊಟ್ಟವರು ಯಾರಮ್ಮ?" ಎಂದು ಕೇಳಿದೆ. ರೇಖಾಳಿಗಿಂತ ಮೊದಲು ಅವರಿಗೊಂದು ಗಂಡುಮಗು ಹುಟ್ಟುವಾಗಲೇ ಹೋಗಿತ್ತು. ಮನೆಯಲ್ಲೇ ಹೆರಿಗೆ. ಕೊರಳಿಗೆ ಬಳ್ಳಿ ಸುತ್ತಿತ್ತು, ನೀನು ಹೊರಳಿರಬೇಕು ಎಂದು ಸೂಲಗಿತ್ತಿ ಅಂದಿದ್ದಳಂತೆ. ಅವರ ಗಂಡ ಅದನ್ನು ನಂಬಿದ್ದರು, ಅತ್ತೆ ನಂಬಿದ್ದರು, ಇವರೂ ನಂಬಿದ್ದರು. ರೇಖಾಳಿಗೆ ಈ ವಿಷಯವೇ ಗೊತ್ತಿರಲಿಲ್ಲ. ಆ ದಿನ ಮುಕ್ಕಾಲು ಪಾಲು ಮಾತು ನಡೆದದ್ದು ತಾಯಿಯ ಜೊತೆಗೇ.

ಮೂವರನ್ನೂ ಕೂರಿಸಿಕೊಂಡು ಹೇಳಿದ್ದು ಇಷ್ಟು. ಬಳ್ಳಿ ಸುತ್ತುವುದು ಮಗು ಒಳಗೆ ಈಜಾಡುವುದರಿಂದ. ತಾಯಿ ಮಲಗುವ ರೀತಿಯಿಂದಲ್ಲ. ನಾಲ್ಕೈದು ಹೆರಿಗೆಯಲ್ಲಿ ಒಂದರಲ್ಲಿ ಇದು ಕಾಣುತ್ತದೆ. ಹೊಟ್ಟೆಯೊಳಗಿನ ಮಗು ಗಂಟಲಿನಿಂದ ಉಸಿರಾಡುವುದಿಲ್ಲ, ಅದಕ್ಕೆ ಆಮ್ಲಜನಕ ಬರುವುದೇ ಬಳ್ಳಿಯ ಮೂಲಕ, ಹಾಗಾಗಿ ನೇಣಿನ ಹೋಲಿಕೆ ಸರಿಹೊಂದುವುದಿಲ್ಲ. ಹೆಚ್ಚಿನ ಸಲ ತಲೆ ಹೊರಬಂದ ಕೂಡಲೇ ಹೆರಿಗೆ ಮಾಡಿಸುವವರು ಸುತ್ತನ್ನು ಬೆರಳಿನಿಂದ ಬಿಡಿಸುತ್ತಾರೆ. ತೊಂದರೆ ಆಗುವುದೇ ಇಲ್ಲ ಎಂದಲ್ಲ, ಅಪರೂಪಕ್ಕೆ ಆಗುತ್ತದೆ. ಅದಕ್ಕೇ ನೋವಿನ ಹೊತ್ತಿನಲ್ಲಿ ಮಗುವಿನ ಎದೆಬಡಿತ ಕೇಳುತ್ತಿರುವುದು. ಆದರೆ ಒಂದು ಸುತ್ತು ಇದೆ ಎನ್ನುವುದಷ್ಟೇ ಸಿಸೇರಿಯನ್‌ಗೆ ಕಾರಣ ಆಗಲಾರದು.

ನಾನು ಡಾಕ್ಟರಲ್ಲ. ಆಪರೇಷನ್ ಬೇಡ ಎನ್ನುವ ಅಧಿಕಾರ ನನಗಿಲ್ಲ ಎಂದೂ ಹೇಳಿದೆ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇದ್ದರೆ, ಮಗು ಅಡ್ಡಲಾಗಿ ನಿಂತಿದ್ದರೆ ಸಿಸೇರಿಯನ್ನೇ ಜೀವ ಉಳಿಸುತ್ತದೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಶೇ. 14.3, ಖಾಸಗಿಯಲ್ಲಿ ಶೇ. 47.4. ಈ ಅಂತರ ಪೂರ್ತಿ ಬಸುರಿಯರ ದೇಹದಿಂದಲೇ ಬಂದದ್ದು ಎಂದು ನಂಬುವುದು ನನಗೆ ಕಷ್ಟ.

ಕೇಳಬೇಕಾದ್ದನ್ನು ಮಂಜುನಾಥನ ಕೈಲೇ ಬರೆಸಿದೆ. ಬಳ್ಳಿ ಬಿಟ್ಟರೆ ಬೇರೆ ಕಾರಣ ಇದೆಯೇ? ಮಗುವಿನ ಬೆಳವಣಿಗೆ, ನೀರು ಸರಿಯಿದೆಯೇ? ಕಾದರೆ ಏನು ಅಪಾಯ, 37ನೇ ವಾರದಲ್ಲೇ ತೆಗೆದರೆ ಏನು ಅಪಾಯ? ಕಾರಣವಿಲ್ಲದೆ 39 ವಾರಕ್ಕಿಂತ ಮೊದಲು ತೆಗೆದ ಮಕ್ಕಳಿಗೆ ಉಸಿರಾಟದ ತೊಂದರೆ ಹೆಚ್ಚು. ಪಂಚಾಂಗದಲ್ಲಿ ಅದು ಇರುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಹೆರಿಗೆ ತಜ್ಞೆಗೆ ಒಮ್ಮೆ ತೋರಿಸಿ ಎಂದೆ. ಮಗುವಿನ ಮಿಸುಕಾಟ ಕಡಿಮೆ ಅನ್ನಿಸಿದರೆ, ರಕ್ತ ಕಂಡರೆ, ನೀರು ಹೋದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ. ಮತ್ತೆ ರೇಖಾಳಿಗೆ: ಮಗ್ಗುಲಾಗಿ ಮಲಗು, ಬೇಕಾದಷ್ಟು ಸಲ ಹೊರಳು.

ತಜ್ಞೆ ಪರೀಕ್ಷಿಸಿ, ಎಲ್ಲ ಸರಿಯಿದೆ, ಕಾಯೋಣ ಎಂದರು. ಗುರುವಾರ ಕಳೆಯಿತು. ಮಾವ ನಾಲ್ಕು ದಿನ ಫೋನ್ ಎತ್ತಲಿಲ್ಲವಂತೆ.

40ನೇ ವಾರದ ಹತ್ತಿರ ನೋವು ಶುರುವಾಯಿತು. ರಾತ್ರಿಯಿಡೀ ಬೇನೆ ತಿಂದರೂ ಮಗುವಿನ ತಲೆ ಇಳಿಯಲಿಲ್ಲ. ಕೊನೆಗೆ ಸಿಸೇರಿಯನ್ನೇ ಆಯಿತು. ಮಗಳು, ಎರಡು ಕೆಜಿ ಒಂಬೈನೂರು ಗ್ರಾಂ. "ಅವತ್ತೇ ಮಾಡಿಸಿದ್ದರೆ ಇಷ್ಟು ನೋವು ತಪ್ತಿತ್ತಲ್ವಾ ಮೇಡಂ?" ಎಂದು ಮಂಜುನಾಥ ಕೇಳಿದ. ತಪ್ಪುತ್ತಿತ್ತು ಎಂದೇ ಹೇಳಿದೆ. ಅದಕ್ಕೆ ಬದಲಾಗಿ ಏನು ಬರುತ್ತಿತ್ತೋ ಯಾರಿಗೂ ತಿಳಿಯುತ್ತಿರಲಿಲ್ಲ.

ಬಳ್ಳಿ ಎಷ್ಟು ಸುತ್ತಿತ್ತು ಎಂದು ಅಜ್ಜಿ ಆಪರೇಷನ್ ಮಾಡಿದ ಡಾಕ್ಟರನ್ನೇ ಹಿಡಿದು ಕೇಳಿದ್ದರು. ಒಂದೂ ಇರಲಿಲ್ಲವಂತೆ, ಎಷ್ಟೋ ಸಲ ಅದು ತಾನಾಗೇ ಬಿಚ್ಚಿಕೊಂಡಿರುತ್ತದೆ. ಲಸಿಕೆಗೆ ಬಂದ ದಿನ ನನ್ನ ಕೋಣೆಗೆ ಇಣುಕಿ, ತಗ್ಗಿದ ದನಿಯಲ್ಲಿ ಕೇಳಿದರು: "ಹಂಗಾರೆ ಇವಳು ಆಮೇಲೆ ಹೊರಳಿದ್ದಕ್ಕೇ ಬಿಚ್ಕೊಂಡಿತಾ ಮೇಡಂ?"